ಋಣ ಮೂರರಿಂದ ಋಣ ಏಳು ಕಳೆದರೆ

ಹಾವೇರಿ ಜಿಲ್ಲೆಯ ಕದರಮಂಡಲಗಿಯ ಕಾಂತೇಶನ ದರ್ಶನ ಮುಗಿಸಿ ಹೊರಟವರು ಊರೊಳಗಿನ ಒಂದು ಕಿರಾಣಿ ಅಂಗಡಿ ಮುಂದೆ ನಿಂತಿದ್ದೆವು. ಜೊತೆಗೆ ಆರನೇ ತರಗತಿ ಓದುವ ಅಣ್ಣನ ಮಗಳು. ಕಾಲು ಕಿಲೋ ಖಾರದ ಪುಡಿ ಬೇಕಿತ್ತು. ಅಂಗಡಿಯವರು ಡಿಜಿಟಲ್ ತಕ್ಕಡಿಯ ಮೇಲೆ ಸ್ಟೀಲ್ ಬಟ್ಟಲು ಇಟ್ಟು, ಒಂದು ಗುಂಡಿ ಒತ್ತಿ ಸೊನ್ನೆ ಮಾಡಿಕೊಂಡರು. ಪುಡಿ ಹಾಕುತ್ತ ಹೋದರು. ಕೆಂಪು ಅಂಕಿ 0.250ಕ್ಕೆ ಬಂದು ನಿಂತಿತು. ಬಟ್ಟಲು ಎತ್ತಿ ಪುಡಿಯನ್ನು ಪೊಟ್ಟಣಕ್ಕೆ ಸುರಿಯುವಾಗ ಹುಡುಗಿ ನನ್ನ ತೋಳು ಜಗ್ಗಿದಳು.

‘ಕಾಕಾ, ತಕ್ಕಡಿ ಮ್ಯಾಲ ಏನೂ ಇಲ್ಲ. ಆದ್ರೂ ನೂರಾ ಎಂಬತ್ತು ತೋರಸಾಕತ್ತೈತಿ. ಅದೂ ಮೈನಸ್!’

ನೋಡಿದೆ. ಖಾಲಿ ತಕ್ಕಡಿಯ ಮೇಲೆ −0.180 ಎಂದು ಬೆಳಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ತಲೆ ಎತ್ತದೆ ಹೇಳಿದರು: ‘ಅದು ಬಟ್ಟಲದ ಬಾಕಿ, ತಂಗೆವ್ವ. ಬಟ್ಟಲ ಇಟ್ರ ತೀರ್ತೈತಿ.’

ಋಣ ಸಂಖ್ಯೆಗೆ ಇದಕ್ಕಿಂತ ಚೊಕ್ಕ ವ್ಯಾಖ್ಯೆಯನ್ನು ನಾನು ಕೇಳಿಲ್ಲ. ಅದಕ್ಕೂ ಹಿಂದಿನ ರಾತ್ರಿ ಅದೇ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ −3 − 5 = +8 ಎಂದು ಬರೆದು, ಯಾಕೆ ತಪ್ಪಾಯಿತೆಂದು ತಿಳಿಯದೆ ಅಳುಮುಖ ಮಾಡಿಕೊಂಡಿದ್ದಳು. ‘ಮೈನಸ್ ಮೈನಸ್ ಪ್ಲಸ್ ಅಂತ ಟೀಚರೇ ಹೇಳ್ಯಾರ’ ಎಂಬುದು ಅವಳ ವಾದ.

ಈ ಒಂದು ಮಂತ್ರ ನಮ್ಮ ಮಕ್ಕಳ ಗಣಿತವನ್ನು ಎಷ್ಟು ಕೆಡಿಸಿದೆ ಎಂದು ಹೇಳಿ ತೀರದು. ಎರಡು ಋಣ ಸಂಖ್ಯೆಗಳನ್ನು ಗುಣಿಸಿದರೆ ಧನ ಸಂಖ್ಯೆ ಬರುತ್ತದೆ, ನಿಜ. ಅದು ಗುಣಾಕಾರದ ಮಾತು. ಕೂಡುವಲ್ಲಿ ಅದಕ್ಕೆ ಕೆಲಸವಿಲ್ಲ. ಅಂಗಡಿಯಲ್ಲಿ ಮೂರು ರೂಪಾಯಿ ಬಾಕಿ ಇಟ್ಟವನು ಮತ್ತೆ ಐದು ರೂಪಾಯಿ ಸಾಮಾನು ಉದ್ರಿ ತಂದರೆ ಬಾಕಿ ಎಂಟಾಗುತ್ತದೆ. ಅಂಗಡಿಯವರೇ ಅವನಿಗೆ ಎಂಟು ರೂಪಾಯಿ ಕೊಡಬೇಕಾಗಿ ಬರುವುದಿಲ್ಲ. ಇದು ಆರನೇ ತರಗತಿಯ ಯಾವ ಮಗುವಿಗೂ ಗೊತ್ತು. ಗೊತ್ತಿದ್ದದ್ದನ್ನು ಮರೆಸಿ ಗೊತ್ತಿಲ್ಲದ ಸೂತ್ರವನ್ನು ಬಾಯಿಪಾಠ ಮಾಡಿಸಿದ್ದೇ ತೊಂದರೆ.

ಪಠ್ಯದ ಉದಾಹರಣೆಗಳೂ ಅಷ್ಟೇನೂ ನೆರವಾಗುವುದಿಲ್ಲ. ಲಾಹುಲ್-ಸ್ಪಿತಿ, ಶ್ರೀನಗರಗಳ ಚಳಿಯನ್ನು ತೋರಿಸಿ ಸೊನ್ನೆಗಿಂತ ಕೆಳಗಿನ ಸಂಖ್ಯೆ ಎನ್ನುತ್ತವೆ. ಹಾವೇರಿ ಜಿಲ್ಲೆಯ ಮಗು ನೀರು ತಾನಾಗಿ ಹೆಪ್ಪುಗಟ್ಟಿದ್ದನ್ನು ಎಲ್ಲಿ ಕಂಡಿರುತ್ತದೆ? ಆದರೆ ಬಾಕಿಯನ್ನು ಕಂಡಿರುತ್ತದೆ. ಉದ್ರಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಪುಟ ಎಲ್ಲಿದೆ ಎಂಬುದೂ ಅದಕ್ಕೆ ಗೊತ್ತು.

ನನಗೆ ತೀರ ಮುಖ್ಯವೆನಿಸುವ ಮಾತು ಇದು: ಕನ್ನಡದಲ್ಲಿ ಕಲಿಯುವ ಮಗುವಿಗೆ ಈ ಪಾಠದ ಅರ್ಧ ಭಾಗ ಹೆಸರಿನಲ್ಲೇ ಸಿಕ್ಕಿಬಿಟ್ಟಿದೆ. ‘ಋಣ’ ಎಂದರೆ ಸಾಲ. ‘ಧನ’ ಎಂದರೆ ಕೈಯಲ್ಲಿರುವ ದುಡ್ಡು. ಅನ್ನದ ಋಣ, ಋಣಾನುಬಂಧ, ಋಣ ಹರಿಯಿತು ಎಂದು ದಿನ ಬೆಳಗಾದರೆ ಆಡುವ ಮಾತು ಗಣಿತದ ಪುಸ್ತಕದಲ್ಲೂ ಅದೇ ಅರ್ಥದಲ್ಲಿ ಕೂತಿದೆ. ತಾಯಿಯ ಋಣ ತೀರಿಸಲಾಗದ್ದು. ಗಣಿತದ ಋಣ ಮಾತ್ರ ಅಷ್ಟೇ ಧನ ಕೂಡಿಸಿದರೆ ತೀರಿಹೋಗುತ್ತದೆ. −180ಕ್ಕೆ 180 ಕೂಡಿಸಿ, ಸೊನ್ನೆ. ಬಟ್ಟಲು ಇಟ್ಟರೆ ತೀರುತ್ತದೆ.

ಈ ಹೆಸರು ಇಂದಿನದಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದಾಗ ಧನ, ಋಣ, ಸೊನ್ನೆಗಳನ್ನು ಕೂಡಿ ಕಳೆಯುವ ನಿಯಮಗಳನ್ನು ಸಾಲಾಗಿ ಹೇಳಿದ. ಎರಡು ಧನ ಕೂಡಿದರೆ ಧನ, ಎರಡು ಋಣ ಕೂಡಿದರೆ ಋಣ, ಧನಕ್ಕೆ ಋಣ ಕೂಡಿದರೆ ಅವೆರಡರ ಅಂತರ, ಎರಡೂ ಸಮವಾಗಿದ್ದರೆ ಸೊನ್ನೆ. ಸೊನ್ನೆಯಿಂದ ಋಣವನ್ನು ಕಳೆದರೆ ಧನ ಎಂಬುದನ್ನೂ ಬಿಡಲಿಲ್ಲ. ಸುಮಾರು ಇನ್ನೂರು ವರ್ಷಗಳ ನಂತರ ಅದೇ ನಿಯಮಗಳನ್ನು ನಮ್ಮ ನೆಲದಲ್ಲಿ ಕೂತು ತಿದ್ದಿ ಬರೆದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಅವನ ‘ಗಣಿತಸಾರಸಂಗ್ರಹ’ ಸುಮಾರು 850ರದು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ್ದು. ಮಳಖೇಡದಿಂದ ಆಳಿದ ಆ ದೊರೆಯ ಸಾಮಂತ ಬಂಕೇಯನ ಹೆಸರನ್ನು ಹೊತ್ತ ಬಂಕಾಪುರ ಇದೇ ಹಾವೇರಿ ಜಿಲ್ಲೆಯಲ್ಲಿದೆ. ಕಳೆಯುವಾಗ ಕಳೆಯಬೇಕಾದ ಧನ ಋಣವಾಗುತ್ತದೆ, ಕಳೆಯಬೇಕಾದ ಋಣ ಧನವಾಗುತ್ತದೆ; ಆಮೇಲೆ ಕೂಡಿಸಿದರಾಯಿತು ಎಂದು ಮಹಾವೀರ ಹೇಳಿದ ನಿಯಮವನ್ನೇ ಇಂದಿನ ಮೇಷ್ಟ್ರು ಕರಿಹಲಗೆಯ ಮೇಲೆ ಬರೆಯುತ್ತಾರೆ. ಋಣ ಸಂಖ್ಯೆ ಯಾವುದರ ವರ್ಗವೂ ಆಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಬಿಚ್ಚಿ ಹೇಳಿದವನೂ ಅವನೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಅವನು ತಪ್ಪಿದ್ದೂ ಹೌದು. ಅದು ಬೇರೆ ದೊಡ್ಡ ಕಥೆ. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಲೆಕ್ಕವೆಂದರೆ ವ್ಯವಹಾರ ಎಂಬ ತಿಳಿವು ಆ ಹೆಸರಿನಲ್ಲೇ ಇದೆ.

ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಒಂದು ತ್ರಿಭುಜದ ಲೆಕ್ಕ ಕೊಡುತ್ತಾರೆ. ಬಾಹುಗಳು 10 ಮತ್ತು 17, ತಳ 9. ಮೇಲಿನ ಶೃಂಗದಿಂದ ತೂಗುಗುಂಡು ಬಿಟ್ಟರೆ ಅದು ತಳವನ್ನು ಎರಡು ತುಂಡು ಮಾಡಬೇಕು. ಲೆಕ್ಕ ಮಾಡಿದರೆ ಒಂದು ತುಂಡು 15, ಇನ್ನೊಂದು ಋಣ 6. ಉದ್ದ ಋಣವಾಗುವುದೆಂದರೇನು? ತೂಗುಗುಂಡು ತಳದ ಒಳಗೆ ಬೀಳದೆ ಹೊರಗೆ, ಎದುರು ದಿಕ್ಕಿನಲ್ಲಿ ಬಿದ್ದಿದೆ ಎಂದರ್ಥ ಎಂದು ಅವರು ವಿವರಿಸುತ್ತಾರೆ. ಸಾಲದ ಅರ್ಥದ ಪಕ್ಕದಲ್ಲೇ ದಿಕ್ಕಿನ ಅರ್ಥವೂ ಬಂದು ಕೂತಿತು. ಅದೇ ಭಾಸ್ಕರರು ‘ಬೀಜಗಣಿತ’ದಲ್ಲಿ ಒಂದು ಸಮೀಕರಣಕ್ಕೆ 50 ಮತ್ತು −5 ಎಂಬ ಎರಡು ಉತ್ತರ ಪಡೆದು, ಋಣ ಉತ್ತರವನ್ನು ಜನ ಒಪ್ಪುವುದಿಲ್ಲವೆಂದು −5ನ್ನು ಬಿಡುತ್ತಾರೆ. ಯುರೋಪಿನ ವಿದ್ವಾಂಸರು ಋಣ ಸಂಖ್ಯೆಯನ್ನು ಅಸಂಬದ್ಧ ಎಂದು ದೂರ ಇಟ್ಟದ್ದಂತೂ ನೂರಾರು ವರ್ಷ. 1758ರಲ್ಲಿಯೂ ಇಂಗ್ಲೆಂಡಿನ ಫ್ರಾನ್ಸಿಸ್ ಮಸೇರಸ್ ಇದರ ವಿರುದ್ಧ ಇಡೀ ಪುಸ್ತಕ ಬರೆದ. ಇಷ್ಟು ಜನ ಇಷ್ಟು ಕಾಲ ತಡವರಿಸಿದ ಜಾಗದಲ್ಲಿ ಹನ್ನೊಂದು ವರ್ಷದ ಮಗು ಒಂದು ಗಳಿಗೆ ನಿಂತರೆ ಅದನ್ನು ದಡ್ಡ ಎನ್ನಬಾರದು.

ಕದರಮಂಡಲಗಿಯಿಂದ ಬ್ಯಾಡಗಿ ದೂರವಿಲ್ಲ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯಲ್ಲಿ ಹೋದರೆ ಕಣ್ಣು ಹಾಯುವಷ್ಟು ದೂರವೂ ಚೀಲ, ಗಾಳಿಯಲ್ಲೇ ಘಾಟು. ಕಡ್ಡಿ, ಡಬ್ಬಿ ಎಂದು ಬಗೆ ಬಗೆಯ ಕಾಯಿ; ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಸಿಕ್ಕಿತು. ಮಕ್ಕಳನ್ನು ಗಣಿತದ ಪಾಠಕ್ಕೆ ಕರೆದೊಯ್ಯಬೇಕಾದ ಜಾಗ ಇದು.

ಒಂದು ಲೆಕ್ಕ ಹಾಕೋಣ. ಒಬ್ಬ ರೈತನ ಐದು ಚೀಲ. ತೂಕ 42, 37, 39, 44, 35 ಕಿಲೋ. ಇವನ್ನು ಒಂದರ ಕೆಳಗೊಂದು ಬರೆದು ಕೂಡಬಹುದು. ಅದಕ್ಕಿಂತ ಸುಲಭದ ದಾರಿ ಇದೆ. ಎಲ್ಲ ಚೀಲವೂ 40 ಎಂದು ಹಿಡಿಯಿರಿ. ಮೊದಲ ಚೀಲ 2 ಹೆಚ್ಚು, ಎರಡನೆಯದು 3 ಕಡಿಮೆ, ಮೂರನೆಯದು 1 ಕಡಿಮೆ, ನಾಲ್ಕನೆಯದು 4 ಹೆಚ್ಚು, ಐದನೆಯದು 5 ಕಡಿಮೆ. ಹೆಚ್ಚಿನವೆಲ್ಲ ಕೂಡಿದರೆ 6. ಕಡಿಮೆಯವೆಲ್ಲ ಕೂಡಿದರೆ 9. ಆರು ಬಂತು, ಒಂಬತ್ತು ಹೋಯಿತು, ಉಳಿದದ್ದು −3. ಐದು ಚೀಲಕ್ಕೆ ಇನ್ನೂರು ಕಿಲೋ, ಅದರಲ್ಲಿ ಮೂರು ಕಡಿಮೆ, 197. ಕಾಗದ ಬೇಡ, ಪೆನ್ನು ಬೇಡ. ಐದು ಪೂರ್ಣಾಂಕಗಳ ಸಂಕಲನ ಬೆರಳ ತುದಿಯಲ್ಲಿ ಮುಗಿಯಿತು.

ಇದು ಬರಿಯ ಜಾಣತನವಲ್ಲ. + ಮತ್ತು − ಚಿಹ್ನೆಗಳು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದೇ ಇಂಥ ಲೆಕ್ಕದಲ್ಲಿ. 1489ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಯೋಹಾನೆಸ್ ವಿಡ್ಮನ್ ಎಂಬವನು ವ್ಯಾಪಾರಿಗಳಿಗೆಂದು ಒಂದು ಲೆಕ್ಕದ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಅಂಜೂರದ ಪೀಪಾಯಿಗಳ ಒಂದು ಲೆಕ್ಕವಿದೆ. ಒಂದೊಂದು ಪೀಪಾಯಿಯ ತೂಕವನ್ನು ಇಷ್ಟು ದೊಡ್ಡ ತೂಕ, ಅದಕ್ಕೆ ಇಷ್ಟು ಪೌಂಡು ಹೆಚ್ಚು ಅಥವಾ ಇಷ್ಟು ಪೌಂಡು ಕಡಿಮೆ ಎಂದು ಬರೆದಿದೆ. ಹೆಚ್ಚಿಗೆ +, ಕಡಿಮೆಗೆ −. ಕೊನೆಗೆ ಪೀಪಾಯಿಯ ಕಟ್ಟಿಗೆಯ ತೂಕವನ್ನು ಕಳೆಯಬೇಕು. ಅಂಜೂರದ ಬದಲು ಮೆಣಸಿನಕಾಯಿ, ಪೀಪಾಯಿಯ ಬದಲು ಚೀಲ ಎಂದರೆ ಬ್ಯಾಡಗಿಯ ಲೆಕ್ಕವೇ. ನಮ್ಮ ಉಪಖಂಡದ ಹಳೆಯ ಬಕ್ಷಾಲಿ ಹಸ್ತಪ್ರತಿಯಲ್ಲಂತೂ ಋಣ ಸಂಖ್ಯೆಯ ಗುರುತು ಇಂದಿನ ‘+’ನಂತೆಯೇ ಇದೆ. ಚಿಹ್ನೆ ಯಾವುದಾದರೂ ಆಗಬಹುದು. ಹೆಚ್ಚು ಕಡಿಮೆಗಳು ಎದುರು ಬದುರು ನಿಂತಿವೆ ಎಂಬ ತಿಳಿವು ಬೇಕು.

ಈಗ ಕಷ್ಟದ ಭಾಗ. ಋಣವನ್ನು ಕಳೆಯುವುದು. ಮಕ್ಕಳು ಎಡವುವುದು ಇಲ್ಲೇ, ದೊಡ್ಡವರು ಸೂತ್ರದ ಹಿಂದೆ ಅಡಗುವುದೂ ಇಲ್ಲೇ.

ಮೊದಲು ಮೇಲಿನ ರೈತನ ಚೀಲಗಳಿಗೇ ಹೋಗೋಣ. ಲೆಕ್ಕ ಬರೆಯುವವನು ಖಾಲಿ ಚೀಲದ ತೂಕವೆಂದು ಚೀಲಕ್ಕೆ ಒಂದು ಕಿಲೋದಂತೆ ಐದು ಕಿಲೋ ಕಳೆದು 192 ಎಂದು ಬರೆದ. ರೈತ ಅಲ್ಲೇ ನಿಂತಿದ್ದ. ‘ಚೀಲದ ತೂಕ ಮೊದಲ ತೆಗದು ಸೊನ್ನೆ ಮಾಡೇ ತೂಗೀರಲ್ಲ, ಮತ್ತ ಯಾಕ ಕಳೀತೀರಿ?’ ಎಂದ. ಮಾತು ಸರಿಯಾಗಿತ್ತು. ಹಾಕಿದ ಕಡಿತವನ್ನು ತೆಗೆದುಹಾಕಬೇಕಾಯಿತು. ಕಡಿತ ಎಂದರೆ −5. ಅದನ್ನು ತೆಗೆಯುವುದೆಂದರೆ 192 − (−5). ಉತ್ತರ ಮತ್ತೆ 197. ರೈತನಿಗೆ ಯಾರೂ ಹೊಸದಾಗಿ ಐದು ಕಿಲೋ ಮೆಣಸಿನಕಾಯಿ ಕೊಡಲಿಲ್ಲ, ಆದರೂ ಲೆಕ್ಕದಲ್ಲಿ ಐದು ಕಿಲೋ ಏರಿತು.

ಸಾಲಮನ್ನಾ ಇನ್ನೂ ನೇರ ಉದಾಹರಣೆ. 2017ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳಲ್ಲಿನ ಅಲ್ಪಾವಧಿ ಬೆಳೆ ಸಾಲವನ್ನು 50,000 ರೂಪಾಯಿವರೆಗೆ ಮನ್ನಾ ಮಾಡಿತು. ಸಂಘದಲ್ಲಿ 80,000 ರೂಪಾಯಿ ಬೆಳೆ ಸಾಲ ಮಾಡಿದ್ದ ರೈತನ ಸ್ಥಿತಿ −80,000. ಅದರಿಂದ 50,000ದ ಋಣವನ್ನು ಕಳೆದರೆ, −80,000 − (−50,000) = −30,000. ಅವನ ಕೈಗೆ ಒಂದು ರೂಪಾಯಿಯೂ ಬರಲಿಲ್ಲ. ಆದರೆ ಅವನು ಐವತ್ತು ಸಾವಿರದಷ್ಟು ಮೇಲೆ ಬಂದ. ಮನೆಯಲ್ಲಿ ‘ಸಾಲ ಮನ್ನಾ ಆತು’ ಎಂದಾಗ ಮಗುವೂ ಖುಷಿಪಟ್ಟಿರುತ್ತದೆ. ಆ ಖುಷಿಯ ಗಣಿತವೇ ಋಣದ ವ್ಯವಕಲನ.

ಜಾಣ ಮಗು ಇಲ್ಲಿ ಒಂದು ಪ್ರಶ್ನೆ ಕೇಳುತ್ತದೆ, ಕೇಳಲೇಬೇಕು. ‘ಋಣ ಮೂರರಿಂದ ಋಣ ಏಳು ಕಳೆ ಅಂತಾರ. ಸಾಲ ಇರೋದೇ ಮೂರು. ಏಳು ಹೆಂಗ ಮನ್ನಾ ಮಾಡೂದು?’ ಅಣ್ಣನ ಮಗಳು ಅಂಗಡಿಯಿಂದ ಬರುವ ದಾರಿಯಲ್ಲಿ ಕೇಳಿದ್ದು ಇದನ್ನೇ. ಈ ಪ್ರಶ್ನೆಗೆ ‘ಚಿಹ್ನೆ ಬದಲಿಸು, ಕೂಡು’ ಎಂದು ಉತ್ತರಿಸುವುದು ಮಗುವಿನ ಬುದ್ಧಿಗೆ ಮಾಡುವ ಅವಮಾನ.

ನಾನು ಜೇಬಿನಿಂದ ನಾಲ್ಕು ರೂಪಾಯಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ‘ನಿನ್ನ ಕೈಯಾಗ ನಾಕು ರೂಪಾಯಿ ಐತಿ. ಅಂಗಡಿಯಾಗ ಏಳು ರೂಪಾಯಿ ಬಾಕಿ ಐತಿ. ಒಟ್ಟಿನ ಮ್ಯಾಲ ನಿನ್ನ ಹತ್ರ ಎಷ್ಟು?’ ಒಂದು ಕ್ಷಣ ಯೋಚಿಸಿ ‘ಮೂರು ರೂಪಾಯಿ ಸಾಲ’ ಎಂದಳು. ‘ಅಂದ್ರ?’ ‘ಋಣ ಮೂರು.’ ‘ಅಂಗಡಿಯವರು ಏಳು ರೂಪಾಯಿ ಬಾಕಿ ಬಿಟ್ಟುಬಿಟ್ರು. ಈಗ?’ ಅವಳು ಅಂಗೈ ನೋಡಿಕೊಂಡಳು. ನಾಲ್ಕು ರೂಪಾಯಿ ಅಲ್ಲೇ ಇತ್ತು. −3 − (−7) = 4. ಹುಡುಗಿಯ ಮುಖದಲ್ಲಿ ಆಗ ಮೂಡಿದ ಬೆಳಕಿಗಾಗಿಯೇ ಈ ಲೇಖನ ಬರೆಯಲು ಕೂತೆ.

ಋಣ ಮೂರು ಎಂಬುದು ಬರಿಯ ಮೂರು ರೂಪಾಯಿ ಸಾಲವೇ ಆಗಿರಬೇಕೆಂದಿಲ್ಲ. ನಾಲ್ಕು ಇದ್ದು ಏಳು ಬಾಕಿ ಇರಬಹುದು, ನೂರು ಇದ್ದು ನೂರಾ ಮೂರು ಬಾಕಿ ಇರಬಹುದು. ಊರಿನ ಯಾವ ಮನೆಯ ಲೆಕ್ಕವೂ ಹೀಗೇ ಇರುತ್ತದೆ, ಒಂದು ಕಡೆ ಜಮಾ, ಒಂದು ಕಡೆ ಖರ್ಚು. ಸಂಖ್ಯೆ ಎಂದರೆ ಅವೆರಡರ ಕೊನೆಯ ಗೆರೆ.

ಭಾಷೆಯ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು. −3 − (−7) ಎಂಬುದರಲ್ಲಿ ಒಂದೇ ಅಡ್ಡಗೆರೆ ಎರಡು ಕೆಲಸ ಮಾಡುತ್ತಿದೆ. ಒಂದು ಕಡೆ ಅದು ಸಂಖ್ಯೆಯ ಗುಣ, ಇನ್ನೊಂದು ಕಡೆ ಮಾಡಬೇಕಾದ ಕ್ರಿಯೆ. ‘ಮೈನಸ್ ಮೂರು ಮೈನಸ್ ಮೈನಸ್ ಏಳು’ ಎಂದು ಓದಿದರೆ ಎಲ್ಲವೂ ಒಂದೇ ರಾಶಿಯಾಗಿ, ಮಗು ಮಂತ್ರ ಹೇಳಿ ತಪ್ಪಿಸಿಕೊಳ್ಳುತ್ತದೆ. ‘ಋಣ ಮೂರರಿಂದ ಋಣ ಏಳು ಕಳೆ’ ಎಂದು ಓದಿ ನೋಡಿ. ಗುಣಕ್ಕೆ ‘ಋಣ’, ಕ್ರಿಯೆಗೆ ‘ಕಳೆ’. ಎರಡು ಬೇರೆ ಮಾತು, ಎರಡು ಬೇರೆ ಅರ್ಥ. ಕನ್ನಡ ಈ ಗೊಂದಲವನ್ನು ಮೊದಲೇ ಬಿಡಿಸಿ ಇಟ್ಟಿದೆ.

ಇನ್ನು ವಿಭಕ್ತಿ. ‘−3ರಿಂದ −7 ಕಳೆಯಿರಿ’ ಎಂಬ ಕನ್ನಡ ವಾಕ್ಯ ಯಾವ ಕ್ರಮದಲ್ಲಿದೆಯೋ ಲೆಕ್ಕವನ್ನೂ ಅದೇ ಕ್ರಮದಲ್ಲಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು: ಕಳೆಯಬೇಕಾದದ್ದು ಮೊದಲು ಬರುತ್ತದೆ, ಯಾವುದರಿಂದ ಎಂಬುದು ಆಮೇಲೆ. ಇಂಗ್ಲಿಷನ್ನು ಪದಕ್ಕೆ ಪದ ತಂದವರು ‘−7ನ್ನು −3ರಿಂದ ಕಳೆಯಿರಿ’ ಎಂದು ಬರೆಯುತ್ತಾರೆ. ಮಗು ಮೊದಲು ಕಂಡ −7ನ್ನು ಮೊದಲು ಬರೆದು ದಾರಿ ತಪ್ಪುತ್ತದೆ. ಹೇಳಿಕೆ ಲೆಕ್ಕ ಬಿಡಿಸುವಾಗ ಮಕ್ಕಳಿಗೆ ಒಂದು ಮಾತು ಹೇಳಿಕೊಟ್ಟರೆ ಸಾಕು: ‘ರಿಂದ’ ಅಥವಾ ‘ಕ್ಕಿಂತ’ ಯಾವ ಸಂಖ್ಯೆಗೆ ಅಂಟಿದೆಯೋ ಅದು ಮೊದಲು. 5ಕ್ಕಿಂತ 8 ಕಡಿಮೆ ಎಂದರೆ 5 − 8, ಅಂದರೆ −3.

ಸಾಲದ ಉದಾಹರಣೆ ಎಲ್ಲಕ್ಕೂ ಹೊಂದುವುದಿಲ್ಲ. ಅಲ್ಲಿ ಭಾಸ್ಕರರ ದಿಕ್ಕು ನೆರವಿಗೆ ಬರುತ್ತದೆ. ಕಾಂತೇಶನ ಗುಡಿಯ ಬಾಗಿಲನ್ನು ಸೊನ್ನೆ ಎನ್ನಿ. ಬ್ಯಾಡಗಿಯ ಕಡೆಗೆ ಇಟ್ಟ ಹೆಜ್ಜೆ ಧನ, ರಾಣೆಬೆನ್ನೂರಿನ ಕಡೆಗೆ ಇಟ್ಟದ್ದು ಋಣ. ಅದಲುಬದಲು ಮಾಡಿದರೂ ನಡೆಯುತ್ತದೆ, ಒಮ್ಮೆ ಹಿಡಿದದ್ದನ್ನು ನಡುವೆ ಬಿಡಬಾರದು ಅಷ್ಟೇ. ಸಂಖ್ಯಾರೇಖೆ ಎಂದರೆ ಈ ರಸ್ತೆಯೇ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಬೋರ್‌ವೆಲ್. ನೆಲ ಸೊನ್ನೆ. ಮೋಟರು 300 ಅಡಿ ಆಳದಲ್ಲಿದ್ದರೆ −300. ನೀರು ಇಳಿಯಿತೆಂದು ಇಪ್ಪತ್ತು ಅಡಿಯ ಆರು ಪೈಪು ಇಳಿಸಿದರೆ −300 − 120 = −420. ಮಳೆ ಬಂದು ನೀರು ಏರಿತೆಂದು ಮೂರು ಪೈಪು ಮೇಲೆತ್ತಿದರೆ −420 + 60 = −360. ಬೇಸಿಗೆಯಲ್ಲಿ ಬೋರಿನ ಸುತ್ತ ನಿಂತು ಪೈಪು ಎಣಿಸಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಮೀಕರಣಕ್ಕೆ ಮತ್ತೆ ತಕ್ಕಡಿಯೇ ಗತಿ. ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬುದು ಇನ್ನೊಂದು ಮಂತ್ರ. ಏನೂ ಆ ಕಡೆ ಹೋಗುವುದಿಲ್ಲ. ಎರಡು ತಟ್ಟೆಯ ಹಳೆಯ ತಕ್ಕಡಿ ಸಮ ನಿಂತಿದೆ. ಎರಡೂ ತಟ್ಟೆಗೆ ಒಂದೇ ತೂಕ ಹಾಕಿದರೂ, ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದರೂ ಸಮವೇ ಇರುತ್ತದೆ. ಒಂದು ಹೇಳಿಕೆ ಲೆಕ್ಕ: ರೈತನೊಬ್ಬ ದಲಾಲಿ ಅಂಗಡಿಯ ಖಾತೆಗೆ ಮೆಣಸಿನಕಾಯಿ ಮಾರಿದ 42,000 ರೂಪಾಯಿ ಜಮಾ ಮಾಡಿಸಿದ. ಲೆಕ್ಕ ಹರಿದಾಗ ಅವನ ಕೈಗೆ ಬಂದದ್ದು 27,000. ಜಮಾ ಆಗುವ ಮೊದಲು ಖಾತೆಯಲ್ಲಿ ಎಷ್ಟಿತ್ತು? ಅದನ್ನು x ಎನ್ನೋಣ. x + 42,000 = 27,000. ಎರಡೂ ಕಡೆ 42,000 ತೆಗೆಯಿರಿ. x = −15,000. ಇಲ್ಲಿ ಮಗು ಉತ್ತರ ಬರೆದು ಎದ್ದುಹೋಗಬಾರದು. ಋಣ ಹದಿನೈದು ಸಾವಿರ ಎಂದರೇನು ಎಂದು ಕೇಳಿ. ‘ಬಿತ್ತೋವಾಗ ಮುಂಗಡ ತಗೊಂಡಿದ್ದ’ ಎಂದು ಹೇಳಿದರೆ ಲೆಕ್ಕ ಬಂದಂತೆ. ಭಾಸ್ಕರರ ಕಾಲದ ಜನ ಒಪ್ಪದ ಋಣ ಉತ್ತರವನ್ನು ನಮ್ಮೂರಿನ ಮಗು ಒಪ್ಪುತ್ತದೆ, ಯಾಕೆಂದರೆ ಅದು ಏನೆಂದು ಅದಕ್ಕೆ ಗೊತ್ತು.

ಇದು ಗಟ್ಟಿಯಾದರೆ ಹಳೆಯ ಲೆಕ್ಕಗಳೂ ಸಲೀಸು. 52ರಿಂದ 37 ಕಳೆಯುವಾಗ ಎರಡರಿಂದ ಏಳು ಹೋಗುವುದಿಲ್ಲವೆಂದು ಪಕ್ಕದಿಂದ ಹತ್ತು ಕಡ ತರುತ್ತೇವೆ. ತರಲೇಬೇಕೆಂದಿಲ್ಲ. ಐವತ್ತರಿಂದ ಮೂವತ್ತು ಹೋದರೆ ಇಪ್ಪತ್ತು, ಎರಡರಿಂದ ಏಳು ಹೋದರೆ ಋಣ ಐದು, ಎರಡೂ ಕೂಡಿದರೆ ಹದಿನೈದು. ‘ಹೋಗುವುದಿಲ್ಲ’ ಎಂದು ಎರಡನೇ ತರಗತಿಯಲ್ಲಿ ಹೇಳಿದ್ದನ್ನು ಆರನೇ ತರಗತಿಯಲ್ಲಿ ‘ಹೋಗುತ್ತದೆ, ಋಣ ಉಳಿಯುತ್ತದೆ’ ಎಂದು ತಿದ್ದಿ ಹೇಳುವ ಹೊಣೆ ಮೇಷ್ಟ್ರದು.

ಗಣಿತ ಕಲಿಸುವ ಅಕ್ಕೋರು, ಮಾಸ್ತರರಲ್ಲಿ ನನ್ನ ಬಿನ್ನಹ ಇಷ್ಟು. ಪೂರ್ಣಾಂಕಗಳ ಪಾಠ ನಡೆಯುವಷ್ಟು ದಿನ ತರಗತಿಯಲ್ಲಿ ‘ಮೈನಸ್ ಮೈನಸ್ ಪ್ಲಸ್’ ಎಂಬ ಮಾತು ಬೇಡ. ಸಂಖ್ಯೆಗೆ ‘ಋಣ’ ಎನ್ನಿ, ಕ್ರಿಯೆಗೆ ‘ಕಳೆ’ ಎನ್ನಿ. ಹತ್ತಿರದ ಕಿರಾಣಿ ಅಂಗಡಿಗೋ ಹಾಲಿನ ಡೈರಿಗೋ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಬಟ್ಟಲು ಇಟ್ಟು ಸೊನ್ನೆ ಮಾಡಿಸಿ, ಎತ್ತಿಸಿ, ಮೂಡಿದ ಅಂಕಿಯನ್ನು ಗಟ್ಟಿಯಾಗಿ ಓದಿಸಿ. ಬಟ್ಟಲನ್ನು ಮತ್ತೆ ತಕ್ಕಡಿಯ ಮೇಲಿಡುವ ಕೈ ಮಾತ್ರ ಮಗುವಿನದೇ ಆಗಿರಲಿ.